ಕೊಳಲುಗಾರನ ಉಸಿರಿನ ಜಮಾ-ಖರ್ಚು

ವೀಣೆಯ ತಂತಿಯನ್ನು ಮೀಟುವವನಿಗೆ ಉಸಿರಿನ ಚಿಂತೆಯಿಲ್ಲ. ಪಿಟೀಲಿನ ಕಮಾನನ್ನು ಎಳೆಯುವವನಿಗೂ, ಮೃದಂಗದ ಮೇಲೆ ಬೆರಳಾಡಿಸುವವನಿಗೂ ಉಸಿರು ತನ್ನ ಪಾಡಿಗೆ ತಾನು ಬಂದು ಹೋಗುತ್ತಿರುತ್ತದೆ. ಕೊಳಲುಗಾರನ ಸ್ಥಿತಿ ಹಾಗಲ್ಲ. ಬದುಕುವುದಕ್ಕೆ ಬೇಕಾದ ಉಸಿರೇ ಅವನ ನಾದಕ್ಕೂ ಬಂಡವಾಳ. ಒಂದೇ ಸಂಬಳದಲ್ಲಿ ಎರಡು ಸಂಸಾರಗಳನ್ನು ತೂಗಿಸಬೇಕಾದ ಗೃಹಸ್ಥನಂತೆ, ಅವನು ಪ್ರತಿ ಗಳಿಗೆಯೂ ಆಯವ್ಯಯವನ್ನು ಲೆಕ್ಕ ಹಾಕಿ ನಡೆಯಬೇಕು.

ನೋಡುವುದಕ್ಕೆ ಕೊಳಲು ಬಹು ಸರಳವಾದ ವಾದ್ಯ. ಒಂದು ಬಿದಿರಿನ ತುಂಡು, ಕೆಲವು ರಂಧ್ರಗಳು, ಅಷ್ಟೆ. ಬೆಲೆಯೂ ವೀಣೆ-ಪಿಟೀಲುಗಳಷ್ಟಿಲ್ಲ. ಆದುದರಿಂದಲೇ ಅನೇಕ ಮನೆಗಳಲ್ಲಿ ಮಕ್ಕಳು ಹಟ ಮಾಡಿ ಕೊಳಲನ್ನು ಕೊಳ್ಳುತ್ತಾರೆ. ಮೊದಲನೆಯ ವಾರ ಉತ್ಸಾಹ. ಎರಡನೆಯ ವಾರ ತಲೆಸುತ್ತು. ಮೂರನೆಯ ವಾರ ನಿರಾಶೆ. ಆಮೇಲೆ ಕೊಳಲು ಬೀರುವಿನ ಮೇಲೆ ಏರುತ್ತದೆ. ಅಷ್ಟರಲ್ಲಿ ಮನೆಯ ಹಿರಿಯರು, “ಅದು ಎದೆಗೆ ಒಳ್ಳೆಯದಲ್ಲ, ಬಿಟ್ಟುಬಿಡು” ಎಂದು ಹೇಳಿಯೂ ಬಿಟ್ಟಿರುತ್ತಾರೆ. ಕಲಿಯ ಬಯಸಿದವಳು ಹುಡುಗಿಯಾದರೆ, “ನಿನ್ನಿಂದ ಅಷ್ಟು ದಮ್ಮು ಕಟ್ಟಲು ಆದೀತೆ?” ಎಂಬ ಮಾತು ಇನ್ನೂ ಬೇಗನೆ ಬರುತ್ತದೆ. ತನ್ನ ಎದೆಯಲ್ಲಿ ಶಕ್ತಿಯಿಲ್ಲವೆಂಬ ನಂಬಿಕೆ ಮಗುವಿನ ಮನಸ್ಸಿನಲ್ಲಿ ನೆಲೆಯೂರುತ್ತದೆ. ಆದರೆ ಬಹುಪಾಲು ಸಂದರ್ಭಗಳಲ್ಲಿ ಕೊರತೆಯಿರುವುದು ಉಸಿರಿನಲ್ಲಲ್ಲ, ಉಸಿರನ್ನು ವೆಚ್ಚ ಮಾಡುವ ಬಗೆಯಲ್ಲಿ.

ಸೋರಿಹೋಗುವ ಗಾಳಿ

ಭರತನ ಕಾಲದಿಂದಲೂ ನಮ್ಮವರು ಊದುವ ವಾದ್ಯಗಳನ್ನು ಸುಷಿರವಾದ್ಯಗಳೆಂದು ಬೇರೆ ವರ್ಗವಾಗಿ ಎಣಿಸುತ್ತ ಬಂದಿದ್ದಾರೆ. ಆದರೆ ಈ ವರ್ಗದೊಳಗೂ ಕೊಳಲಿನ ಸ್ವಭಾವ ವಿಲಕ್ಷಣವಾದುದು. ನಾಗಸ್ವರಕ್ಕೆ ಬಾಯಲ್ಲಿಡುವ ಒಂದು ಪೀಪಿಯಿದೆ. ಅದರ ಕಿರಿದಾದ ಸಂದಿಯಲ್ಲಿ ಗಾಳಿ ತೂರಿ ಹೋಗಬೇಕಾದುದರಿಂದ ಊದುವವನ ಒತ್ತಡಕ್ಕೆ ಅದು ಎದುರೊತ್ತು ಕೊಡುತ್ತದೆ. ಅಲ್ಲಿ ಬೇಕಾದುದು ಬಲ. ಗಾಳಿ ಮಾತ್ರ ಮಿತವಾಗಿಯೇ ಹೊರಡುತ್ತದೆ. ಹಾಡುವವನ ಕೊರಳಿನಲ್ಲಿಯೂ ಧ್ವನಿತಂತುಗಳು ಇದೇ ರೀತಿಯಲ್ಲಿ ಉಸಿರನ್ನು ತಡೆದು ತಡೆದು ಬಿಡುತ್ತವೆ.

ಕೊಳಲಿಗೆ ಪೀಪಿಯೂ ಇಲ್ಲ, ತಂತುವೂ ಇಲ್ಲ. ತುಟಿಗಳ ನಡುವಿನಿಂದ ಹೊರಟ ಗಾಳಿಯ ಎಳೆ ಮುಖರಂಧ್ರವನ್ನು ದಾಟಿ ಅದರ ಆಚೆಯ ಅಂಚಿಗೆ ತಾಗುತ್ತದೆ. ಆ ಅಂಚಿನಲ್ಲಿ ಅದು ಒಮ್ಮೆ ಒಳಕ್ಕೂ ಒಮ್ಮೆ ಹೊರಕ್ಕೂ ಅತಿ ವೇಗದಿಂದ ತೂಗಾಡುತ್ತದೆ. ಈ ತೂಗಾಟವೇ ಕೊಳವೆಯೊಳಗಿನ ಗಾಳಿಯನ್ನು ಕಂಪಿಸಿ ನಾದವನ್ನು ಹುಟ್ಟಿಸುತ್ತದೆ. ಅಂದ ಮೇಲೆ ಊದಿದ ಗಾಳಿಯಲ್ಲಿ ಒಂದು ಪಾಲು ಕೊಳಲಿನ ಹೊರಗೇ ಹರಿದುಹೋಗುವುದು ಈ ವಾದ್ಯದ ಧರ್ಮ. ತಡೆಯುವ ಬಾಗಿಲು ವಾದ್ಯದಲ್ಲಿಲ್ಲ. ಬಾಗಿಲನ್ನು ಊದುವವನೇ ಕಟ್ಟಿಕೊಳ್ಳಬೇಕು.

ಇಲ್ಲಿ ಸ್ವಲ್ಪ ಲೆಕ್ಕವನ್ನು ನೋಡುವುದು ಉಚಿತ. ಸುಮ್ಮನೆ ಕುಳಿತಿರುವ ಮನುಷ್ಯ ಒಂದು ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿಯನ್ನು ಒಳಗೆಳೆದು ಹೊರಬಿಡುತ್ತಾನೆ. ಪೂರ್ತಿಯಾಗಿ ಎಳೆದು ಪೂರ್ತಿಯಾಗಿ ಬಿಟ್ಟರೆ ವಯಸ್ಕ ಪುರುಷನಲ್ಲಿ 4 ಲೀಟರಿನ ಆಸುಪಾಸು, ಸ್ತ್ರೀಯರಲ್ಲಿ 3 ಲೀಟರಿನ ಆಸುಪಾಸು ಗಾಳಿ ಹೊರಬರುತ್ತದೆ. ಇನ್ನೊಂದು ಲೀಟರಿಗೂ ಮಿಕ್ಕಿದ ಗಾಳಿ ಎಷ್ಟು ಊದಿದರೂ ಹೊರಬರುವುದೇ ಇಲ್ಲ. ಅದು ಶ್ವಾಸಕೋಶದ ಮೂಲಧನ. ಈ ಅಳತೆಗಳು ದೇಹದ ಎತ್ತರ, ವಯಸ್ಸು ಮೊದಲಾದವುಗಳನ್ನು ಅನುಸರಿಸುತ್ತವೆ. ಎಷ್ಟೇ ಸಾಧನೆ ಮಾಡಿದರೂ ಕುಳ್ಳನ ಶ್ವಾಸಕೋಶ ಉದ್ದನೆಯವನದಾಗುವುದಿಲ್ಲ.

ಈಗ 4 ಲೀಟರ್ ಗಾಳಿ ತುಂಬಿಕೊಂಡ ಇಬ್ಬರನ್ನು ಊಹಿಸಿಕೊಳ್ಳಬಹುದು. ಒಬ್ಬ ಹೊಸಬ, ಸೆಕೆಂಡಿಗೆ ಅರ್ಧ ಲೀಟರಿನಂತೆ ಸುರಿದರೆ ಅವನ ಚೀಲ 8 ಸೆಕೆಂಡುಗಳಲ್ಲಿ ಬರಿದು. ಇನ್ನೊಬ್ಬ ಸೆಕೆಂಡಿಗೆ ಲೀಟರಿನ ಐದನೆಯ ಒಂದು ಪಾಲಿನಂತೆ ಬಿಟ್ಟರೆ ಅದೇ ಗಾಳಿ 20 ಸೆಕೆಂಡು ಬಾಳುತ್ತದೆ. ಅಕ್ಷರಕ್ಕೆ ಒಂದು ಸೆಕೆಂಡಿನಂತೆ ನಡೆಯುವ ಆದಿತಾಳದಲ್ಲಿ ಮೊದಲನೆಯವನಿಗೆ ದೊರೆತುದು ಒಂದೇ ಆವರ್ತ, ಎರಡನೆಯವನಿಗೆ ಎರಡೂವರೆ. ಇಬ್ಬರ ಎದೆಯೂ ಒಂದೇ ಅಳತೆಯದು. ವ್ಯತ್ಯಾಸವಿರುವುದು ವೆಚ್ಚದಲ್ಲಿ.

ಎದೆಯಿಂದಲ್ಲ, ಹೊಟ್ಟೆಯಿಂದ

“ಚೆನ್ನಾಗಿ ಉಸಿರು ತೆಗೆದುಕೊ” ಎಂದೊಡನೆ ಹೊಸ ವಿದ್ಯಾರ್ಥಿ ಎದೆಯನ್ನುಬ್ಬಿಸಿ ಭುಜಗಳನ್ನು ಕಿವಿಯ ಬಳಿಗೆ ಏರಿಸುತ್ತಾನೆ. ಇದು ಅತ್ಯಂತ ದುಬಾರಿಯಾದ ಉಸಿರಾಟ. ಶ್ರಮ ಹೆಚ್ಚು, ಒಳಬರುವ ಗಾಳಿ ಕಡಿಮೆ. ಅದರ ಮೇಲೆ ಕುತ್ತಿಗೆ ಬಿಗಿಯುತ್ತದೆ. ಕುತ್ತಿಗೆ ಬಿಗಿದರೆ ತುಟಿಯೂ ಬೆರಳೂ ಬಿಗಿಯುತ್ತವೆ.

ಎದೆಗೂಡಿಗೂ ಹೊಟ್ಟೆಗೂ ನಡುವೆ ಕವುಚಿದ ಬೋಗುಣಿಯಂತೆ ವಪೆಯೆಂಬ ಸ್ನಾಯುವಿನ ಪರದೆಯಿದೆ. ಅದು ಕುಗ್ಗಿ ಕೆಳಕ್ಕಿಳಿದಾಗ ಶ್ವಾಸಕೋಶಗಳಿಗೆ ಜಾಗ ದೊರೆತು ಗಾಳಿ ತಾನಾಗಿಯೇ ಒಳನುಗ್ಗುತ್ತದೆ. ಹೊಟ್ಟೆ ಸ್ವಲ್ಪ ಮುಂದೆ ಬರುತ್ತದೆ. ತೊಟ್ಟಿಲಲ್ಲಿ ಮಲಗಿರುವ ಕೂಸು ಉಸಿರಾಡುವ ಬಗೆ ಇದೇ. ದೊಡ್ಡವರು ಇದನ್ನು ಮತ್ತೆ ನೆನಪು ಮಾಡಿಕೊಳ್ಳಲು ಒಂದು ಸುಲಭೋಪಾಯವುಂಟು. ಅಂಗಾತ ಮಲಗಿ ಹೊಟ್ಟೆಯ ಮೇಲೆ ಒಂದು ಪುಸ್ತಕವನ್ನಿಟ್ಟುಕೊಂಡು, ಉಸಿರೆಳೆಯುವಾಗ ಪುಸ್ತಕ ಮೇಲೇಳುವಂತೆಯೂ ಬಿಡುವಾಗ ನಿಧಾನವಾಗಿ ಇಳಿಯುವಂತೆಯೂ ಅಭ್ಯಾಸ ಮಾಡುವುದು. ಇದು ಕೈವಶವಾದ ಮೇಲೆ ಕುಳಿತು ಅದನ್ನೇ ಸಾಧಿಸಬೇಕು.

ಉಸಿರನ್ನು ಎಳೆಯುವುದು ಅರ್ಧ ವಿದ್ಯೆ. ಬಿಡುವುದು ಮುಕ್ಕಾಲು ವಿದ್ಯೆಯೆಂದರೂ ಸರಿಯೆ! ತುಂಬಿದ ಎದೆಗೂಡು ತಾನಾಗಿಯೇ ಕುಸಿಯಲು ಹವಣಿಸುತ್ತದೆ. ಊದಿದ ಬುಗ್ಗೆಯ ಬಾಯನ್ನು ಬಿಟ್ಟಂತೆ ಮೊದಲಲ್ಲಿ ಗಾಳಿ ರಭಸವಾಗಿಯೂ ಕೊನೆಯಲ್ಲಿ ದುರ್ಬಲವಾಗಿಯೂ ಹೊರಡುತ್ತದೆ. ಹಾಗೆಯೇ ಬಿಟ್ಟರೆ ಸ್ವರವು ಆರಂಭದಲ್ಲಿ ಏರಿ ಕೊನೆಯಲ್ಲಿ ಇಳಿದುಬಿಡುತ್ತದೆ; ಏಕೆಂದರೆ ಜೋರಾಗಿ ಊದಿದರೆ ಶ್ರುತಿ ಮೇಲಕ್ಕೂ, ಮೆಲ್ಲಗೆ ಊದಿದರೆ ಕೆಳಕ್ಕೂ ಸರಿಯುವುದು ಕೊಳಲಿನ ಸ್ವಭಾವ. ಆದ್ದರಿಂದ ಪಕ್ಕೆಲುಬುಗಳನ್ನು ಆದಷ್ಟು ಹೊತ್ತು ಅಗಲವಾಗಿಯೇ ನಿಲ್ಲಿಸಿಕೊಂಡು, ಹೊಟ್ಟೆಯ ಸ್ನಾಯುಗಳನ್ನು ಅಂಗುಲ ಅಂಗುಲವಾಗಿ ಒಳಕ್ಕೆ ತಂದು ಸಮಪ್ರಮಾಣದಲ್ಲಿ ಗಾಳಿಯನ್ನು ಬಿಡಬೇಕು. ಕೊನೆಯ ಕಾಸಿನವರೆಗೂ ವೆಚ್ಚ ಮಾಡದೆ ಸ್ವಲ್ಪ ಕೈಯಲ್ಲಿ ಉಳಿದಿರುವಾಗಲೇ ಮುಂದಿನ ಉಸಿರನ್ನು ತೆಗೆದುಕೊಳ್ಳುವುದು ಜಾಣತನ.

ಕುಳಿತುಕೊಳ್ಳುವ ರೀತಿಗೂ ಇಲ್ಲಿ ಪಾಲಿದೆ. ಸೋಮನಾಥಪುರದ ಕೇಶವ ದೇವಾಲಯದ ಮೂರು ಗರ್ಭಗುಡಿಗಳಲ್ಲಿ ಒಂದು ವೇಣುಗೋಪಾಲನದು. ಬಾಗಿ ಬಳುಕಿ ನಿಂತು ಕೊಳಲನ್ನೂದುವ ಕೃಷ್ಣನ ಭಂಗಿ ಕಲ್ಲಿನಲ್ಲಿ ಎಷ್ಟು ಚೆಲುವೋ, ಮೂರು ಗಂಟೆ ಕಚೇರಿ ಮಾಡಬೇಕಾದ ಮಾನವನಿಗೆ ಅಷ್ಟೇ ಪ್ರಯಾಸಕರ. ಬೆನ್ನು ಬಾಗಿದರೆ ವಪೆಗೆ ಇಳಿಯಲು ಎಡೆಯಿಲ್ಲ. ನೇರವಾದ ಬೆನ್ನು, ಸಡಿಲವಾದ ಭುಜ, ಎದೆಗೆ ಒತ್ತದ ಮೊಣಕೈ - ಇವು ಮನುಷ್ಯರಿಗೆ ಸಲ್ಲುವ ಭಂಗಿ.

ತುಟಿಯೆಂಬ ಬಾಗಿಲು

ಸೌದೆಯ ಒಲೆಯ ಮುಂದೆ ಕುಳಿತು ಊದುಗೊಳವೆಯಿಂದ ಬೆಂಕಿಯನ್ನೆಬ್ಬಿಸಿದ ಅಜ್ಜಿಯರಿಗೆ ಈ ರಹಸ್ಯ ಗೊತ್ತಿತ್ತು. ಬಾಯಗಲಿಸಿ ಊದಿದರೆ ಬೂದಿ ಹಾರೀತೇ ಹೊರತು ಕೆಂಡ ಉರಿಯದು. ಗಾಳಿ ಸ್ವಲ್ಪವೇ ಇದ್ದರೂ ಸಣ್ಣ ಕಿಂಡಿಯಿಂದ ಹೊರಟರೆ ಅದಕ್ಕೆ ವೇಗ ಬರುತ್ತದೆ. ಕೊಳಲಿನಲ್ಲಿಯೂ ಬೇಕಾದುದು ಗಾಳಿಯ ರಾಶಿಯಲ್ಲ, ಸರಿಯಾದ ಸ್ಥಳಕ್ಕೆ ಸರಿಯಾದ ವೇಗದಲ್ಲಿ ತಾಗುವ ತೆಳುವಾದ ಎಳೆ.

ತಾರಸ್ಥಾಯಿಗೆ ಏರುವಾಗ ಹೊಸಬರು ಕೆನ್ನೆ ಕೆಂಪಾಗುವಂತೆ ಊದುತ್ತಾರೆ. ನುರಿತವರು ತುಟಿಗಳ ಸಂದಿಯನ್ನು ಇನ್ನಷ್ಟು ಕಿರಿದಾಗಿಸಿ, ಅದನ್ನು ಅಂಚಿಗೆ ಕೂದಲೆಳೆಯಷ್ಟು ಹತ್ತಿರ ತರುತ್ತಾರೆ. ಗಾಳಿಯ ವೇಗ ಹೆಚ್ಚಿ ಸ್ವರವು ಮೇಲಿನ ಸ್ಥಾಯಿಗೆ ತಾನಾಗಿ ನೆಗೆಯುತ್ತದೆ. ಮಂದ್ರಕ್ಕೆ ಇಳಿಯುವಾಗ ಇದಕ್ಕೆ ವಿರುದ್ಧ: ತುಟಿ ಸಡಿಲ, ಗಾಳಿ ನಿಧಾನ, ಪ್ರಮಾಣ ಹೆಚ್ಚು. ಆದುದರಿಂದಲೇ ಉದ್ದನೆಯ ಕೊಳಲಿನ ಮಂದ್ರಸ್ವರಗಳು ಉಸಿರನ್ನು ಬೇಗ ಕುಡಿದುಬಿಡುತ್ತವೆ.

ಇದಕ್ಕೂ ಮನೆಯಲ್ಲೇ ಮಾಡಬಹುದಾದ ಅಭ್ಯಾಸವಿದೆ. ಒಂದು ಮೊಳ ದೂರದಲ್ಲಿ ಮೇಣದಬತ್ತಿಯನ್ನು ಹಚ್ಚಿಟ್ಟು, ಅದರ ಕುಡಿ ಬಾಗಿದಂತೆಯೇ ನಿಲ್ಲುವ ಹಾಗೆ, ಆದರೆ ಆರದ ಹಾಗೆ, ಒಂದೇ ಸಮನೆ ಊದುವುದು. ಕುಡಿ ನಡುಗಿದರೆ ಉಸಿರು ನಡುಗಿತೆಂದೇ ಅರ್ಥ.

ತಲೆಸುತ್ತು ಬಂದರೆ

ಕಲಿಯುವವರನ್ನೂ ಹೆತ್ತವರನ್ನೂ ಹೆಚ್ಚಾಗಿ ಹೆದರಿಸುವುದು ತಲೆಸುತ್ತು. ಎದೆ ದುರ್ಬಲವಾಗಿರುವುದಕ್ಕೆ ಇದೇ ಸಾಕ್ಷಿಯೆಂದು ಭಾವಿಸುವವರುಂಟು. ನಿಜವಾದ ಕಾರಣ ಬೇರೆ. ನಾದ ಹೊರಡಲಿಲ್ಲವೆಂದು ಮೇಲಿಂದ ಮೇಲೆ ಜೋರಾಗಿ ಊದಿ, ಮೇಲಿಂದ ಮೇಲೆ ಆಳವಾಗಿ ಉಸಿರೆಳೆದಾಗ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಬೇಕಾದುದಕ್ಕಿಂತ ಹೆಚ್ಚಾಗಿ ಹೊರಹೋಗುತ್ತದೆ. ಅದು ತಗ್ಗಿದಾಗ ಮೆದುಳಿನ ರಕ್ತನಾಳಗಳು ಸಂಕುಚಿತವಾಗುತ್ತವೆ. ತಲೆ ಹಗುರಾಗಿ ಬೆರಳ ತುದಿ ಜುಮುಗುಡುತ್ತದೆ. ಇದು ಉಸಿರು ಸಾಲದೆ ಬಂದ ಬಾಧೆಯಲ್ಲ, ಅತಿಯಾಗಿ ಆಡಿಸಿದ್ದರಿಂದ ಬಂದ ಬಾಧೆ. ಕೊಳಲನ್ನು ಕೆಳಗಿಟ್ಟು ಎರಡು ನಿಮಿಷ ಸುಮ್ಮನೆ ಕುಳಿತರೆ ಅದು ತಾನೇ ಇಳಿಯುತ್ತದೆ. ತುಟಿ ಹದಕ್ಕೆ ಬಂದು ವೆಚ್ಚ ಕಡಿಮೆಯಾದಂತೆ ಮತ್ತೆ ಕಾಣಿಸಿಕೊಳ್ಳುವುದು ವಿರಳ. ಉಬ್ಬಸ, ಹೃದ್ರೋಗ, ಏರಿದ ರಕ್ತದೊತ್ತಡ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಆರಂಭಿಸತಕ್ಕದ್ದು. ವಿಶ್ರಾಂತಿಯ ಮೇಲೂ ನಿಲ್ಲದ ತಲೆಸುತ್ತಿಗೆ ಕೊಳಲನ್ನು ದೂಷಿಸಿ ಕೂರದೆ ವೈದ್ಯರಿಗೆ ತೋರಿಸಬೇಕು.

ಪ್ರಾಣಾಯಾಮ ಬಲ್ಲವರಿಗೆ ದೀರ್ಘವಾದ ರೇಚಕದ ಅಭ್ಯಾಸ ಇಲ್ಲಿ ನೆರವಾಗುತ್ತದೆ. ಆದರೆ ಉಸಿರನ್ನು ಬಲವಂತವಾಗಿ ಕಟ್ಟಿ ಹಿಡಿಯುವ ಕುಂಭಕಕ್ಕೂ ಕೊಳಲಿಗೂ ಸಂಬಂಧವಿಲ್ಲ. ಕೊಳಲಿಗೆ ಬೇಕಾದುದು ಹರಿಯುವ ಉಸಿರು.

ಎಲ್ಲಿ ನಿಲ್ಲಬೇಕು?

ವಪೆ, ತುಟಿ ಎರಡೂ ಸ್ವಾಧೀನಕ್ಕೆ ಬಂದವೆನ್ನೋಣ. ಆದರೂ ಮನುಷ್ಯ ಉಸಿರೆಳೆಯಲೇಬೇಕು. ಹಾಗೆ ಎಳೆಯುವಾಗ ನಾದ ನಿಲ್ಲಲೇಬೇಕು. ಆ ನಿಲುಗಡೆ ಎಲ್ಲಿ ಎಂಬುದರಲ್ಲಿಯೇ ವಿದ್ಯಾವಂತನಿಗೂ ಅಭ್ಯಾಸಿಗೂ ಇರುವ ಅಂತರ ಬಯಲಾಗುತ್ತದೆ.

“ಅಮ್ಮ ಊಟಕ್ಕೆ ಕರೆದಳು” ಎಂಬ ಸಾಮಾನ್ಯ ವಾಕ್ಯವನ್ನು “ಅಮ್ಮ ಊಟ - ಕ್ಕೆಕರೆ - ದಳು” ಎಂದು ಒಡೆದರೆ ಕೇಳಿದವರು ನಗುತ್ತಾರೆ. ದಾಸರ ಪದವನ್ನೋ ತ್ಯಾಗರಾಜರ ಕೃತಿಯನ್ನೋ ಪದದ ನಡುವೆ ಉಸಿರು ಕಡಿದು ನುಡಿಸಿದರೆ ಆಗುವುದೂ ಇದೇ. ಕೊಳಲಿನಲ್ಲಿ ಅಕ್ಷರಗಳು ಕೇಳಿಸುವುದಿಲ್ಲ, ನಿಜ. ಆದರೆ ಸಾಹಿತ್ಯವನ್ನು ಬಲ್ಲ ಶ್ರೋತೃ ಮನಸ್ಸಿನಲ್ಲಿ ಅದನ್ನು ಹಾಡಿಕೊಳ್ಳುತ್ತಲೇ ಇರುತ್ತಾನೆ. ಆದುದರಿಂದ ಕೃತಿಯನ್ನು ಮೊದಲು ಬಾಯಲ್ಲಿ ಹಾಡಿ ಕಲಿತು, ಪದ ಮುಗಿಯುವೆಡೆಯಲ್ಲಿ ಗುರುತು ಹಾಕಿಕೊಂಡು, ಆಮೇಲೆ ಕೊಳಲಿಗೆ ತರುವುದು ಒಳ್ಳೆಯ ಪಾಠಕ್ರಮ. ಅಲ್ಲಲ್ಲಿ ದೊರೆಯುವ ಅರ್ಧ ಸೆಕೆಂಡಿನಲ್ಲಿ ಮೂಗಿನಿಂದ ಎಳೆಯುತ್ತ ಕುಳಿತರೆ ತಾಳ ಕಾಯುವುದಿಲ್ಲ. ತುಟಿಯ ಸ್ಥಾನ ಕದಲದಂತೆ ಬಾಯ ಅಂಚುಗಳಿಂದ ಸದ್ದಿಲ್ಲದೆ ಎಳೆದುಕೊಳ್ಳಬೇಕು. ಧ್ವನಿವರ್ಧಕದ ಮುಂದಂತೂ ಉಸಿರೆಳೆಯುವ ಸದ್ದು ಕೊನೆಯ ಸಾಲಿನವರೆಗೂ ಕೇಳಿಸೀತು. ಕಚೇರಿಯಲ್ಲಿ ಪಿಟೀಲಿನವರು ಆಲಾಪನೆಯನ್ನೋ ಸ್ವರವನ್ನೋ ತಿರುಗಿ ನುಡಿಸುವಾಗ, ಮೃದಂಗದವರ ತನಿ ಆವರ್ತನ ನಡೆಯುವಾಗ, ವೇಣುವಾದಕನಿಗೆ ದೊರೆಯುವ ವಿರಾಮವೂ ಈ ಲೆಕ್ಕಕ್ಕೆ ಸೇರಿದ್ದೇ.

ಇದು ನಮ್ಮ ಸಂಗೀತಕ್ಕೆ ಮಾತ್ರ ಸಲ್ಲುವ ನಿಯಮವಲ್ಲ. ಪ್ರಷ್ಯದ ದೊರೆ ಫ್ರೆಡರಿಕನಿಗೆ ಕೊಳಲು ಕಲಿಸಿದ ಕ್ವಾಂಟ್ಸ್ 1752ರಲ್ಲಿ ಪ್ರಕಟಿಸಿದ ಕೊಳಲಿನ ಗ್ರಂಥದಲ್ಲಿ ಉಸಿರು ತೆಗೆದುಕೊಳ್ಳುವುದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಒಂದಕ್ಕೊಂದು ಸೇರಿದ ಸ್ವರಗಳನ್ನು ಉಸಿರಿನಿಂದ ಅಗಲಿಸಬಾರದೆಂಬುದು ಅವನ ಮತ. ಅವನಿಗಿಂತ ಐದು ಶತಮಾನಗಳ ಹಿಂದೆ, ದೇವಗಿರಿಯ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಕೊಳಲನ್ನೂದುವ ಕ್ರಿಯೆಯ ಗುಣದೋಷಗಳನ್ನು ವಿವೇಚಿಸಿದ್ದಾನೆ. ಸ್ನಿಗ್ಧತೆ, ಘನತೆ, ಮಾಧುರ್ಯಗಳ ಜೊತೆಗೆ ಅವನು ಸಾವಧಾನತೆಯನ್ನೂ ಒಂದು ಗುಣವಾಗಿ ಎಣಿಸಿರುವುದು ಗಮನಾರ್ಹ.

ಮಲ್ಲರೂ ಮಗುವೂ

ದೇಹದಾರ್ಢ್ಯ ಕೊಳಲಿಗೆ ಸಹಾಯಕವಲ್ಲವೆ? ಸಹಾಯಕವೇ. ಹರಿಪ್ರಸಾದ್ ಚೌರಸಿಯಾ ಅವರ ತಂದೆ ಕುಸ್ತಿಯ ಪೈಲ್ವಾನರು. ಮಗನನ್ನೂ ಗರಡಿಗೆ ಕರೆದೊಯ್ದರು. ಅಲ್ಲಿ ಪಡೆದ ಶಕ್ತಿ ಮುಂದೆ ಬಾನ್ಸುರಿಗೆ ಒದಗಿತೆಂದು ಚೌರಸಿಯಾ ಅವರೇ ಹೇಳಿಕೊಂಡಿದ್ದಾರೆ. ಅವರಿಗಿಂತ ಹಿಂದಿನ ಪನ್ನಾಲಾಲ್ ಘೋಷರು (1911-1960) ಸುಮಾರು 32 ಅಂಗುಲ ಉದ್ದದ ಕೊಳಲನ್ನು ರೂಪಿಸಿ, ಅದುವರೆಗೆ ಲಘುಸಂಗೀತದ ವಾದ್ಯವೆಂದು ಎಣಿಸಲ್ಪಟ್ಟಿದ್ದ ಬಾನ್ಸುರಿಯಲ್ಲಿ ಖಯಾಲಿನ ಗಾಂಭೀರ್ಯವನ್ನು ತಂದರು. ಅಂಥ ಕೊಳಲಿನ ಮಂದ್ರವನ್ನು ತುಂಬುವುದು ಸಾಧಾರಣ ಶ್ರಮವಲ್ಲ. ಅವರ ಶಿಷ್ಯರೂ ಅಳಿಯಂದಿರೂ ಆದ ದೇವೇಂದ್ರ ಮುರ್ಡೇಶ್ವರರು ಆ ಪರಂಪರೆಯನ್ನು ಮುಂದುವರಿಸಿದರು.

ಆದರೆ ದಕ್ಷಿಣದತ್ತ ತಿರುಗಿದರೆ ಕಾಣುವ ಚಿತ್ರ ಬೇರೆ. ತಿರುವಿಡೈಮರುದೂರಿನಲ್ಲಿ 1926ರಲ್ಲಿ ಹುಟ್ಟಿದ ಟಿ.ಆರ್. ಮಹಾಲಿಂಗಂ - ರಸಿಕರ ಬಾಯಲ್ಲಿ ‘ಮಾಲಿ’ - 1933ರಲ್ಲಿ ಮದರಾಸಿನ ಮೈಲಾಪುರದ ತ್ಯಾಗರಾಜೋತ್ಸವದಲ್ಲಿ ಕಚೇರಿ ಮಾಡಿದಾಗ ಅವರ ವಯಸ್ಸು ಏಳು. ಏಳು ವರ್ಷದ ಬಾಲಕನ ಎದೆಯಲ್ಲಿ ಎಷ್ಟು ಲೀಟರ್ ಗಾಳಿ ಹಿಡಿದೀತು! ಶರಭಶಾಸ್ತ್ರಿಗಳು, ಅವರ ಶಿಷ್ಯರಾದ ಪಲ್ಲಡಂ ಸಂಜೀವರಾಯರು ಕಟ್ಟಿದ ಕರ್ನಾಟಕ ಸಂಗೀತದ ವೇಣುಮಾರ್ಗಕ್ಕೆ ಮಾಲಿ ಹಾಡುಗಾರಿಕೆಯ ಜಾರು-ಗಮಕಗಳನ್ನು ತಂದುಕೊಟ್ಟರು. ಸ್ವರದಿಂದ ಸ್ವರಕ್ಕೆ ಕಡಿಯದೆ ಹರಿಯುವ ಆ ಶೈಲಿಗೆ ಆಧಾರವಾದುದು ತುಟಿ, ಬೆರಳು, ಉಸಿರು ಮೂರರ ಹೊಂದಾಣಿಕೆ.

“ಹುಡುಗಿಯಿಂದ ಆದೀತೆ?” ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಸಿಕ್ಕಿಲ್ ಸಹೋದರಿಯರು. ಕುಂಜುಮಣಿ ಮತ್ತು ನೀಲಾ ದಶಕಗಳ ಕಾಲ ಜೊತೆಯಾಗಿ ತುಂಬು ಕಚೇರಿಗಳನ್ನು ನಡೆಸಿದರು. 2004ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. ಇಬ್ಬರು ಒಂದೇ ಕೃತಿಯನ್ನು ನುಡಿಸುವಾಗ ಇಬ್ಬರ ಉಸಿರೂ ಸಾಹಿತ್ಯಕ್ಕೆ ತಲೆಬಾಗಬೇಕು. ಅಲ್ಲಿ ಎದೆಯ ಗಾತ್ರಕ್ಕಿಂತ ಶಿಸ್ತೇ ಮೇಲು.

ಮುರಿಯದ ಉಸಿರು

ಉಸಿರೆಳೆಯುವಾಗಲೂ ನಾದವನ್ನು ನಿಲ್ಲಿಸದಿರುವ ವಿದ್ಯೆಯೊಂದಿದೆ. ಅದು ಪವಾಡವಲ್ಲ. ಕೆನ್ನೆಗಳಲ್ಲಿ ಸ್ವಲ್ಪ ಗಾಳಿಯನ್ನು ಶೇಖರಿಸಿಕೊಂಡು, ಆ ಗಾಳಿಯನ್ನು ಕೆನ್ನೆಯ ಒತ್ತಿನಿಂದ ಹೊರಬಿಡುತ್ತಿರುವಾಗಲೇ ಮೂಗಿನಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುವುದು, ಇಷ್ಟೇ ಅದರ ಮರ್ಮ. ಹಾವಾಡಿಗನ ಪುಂಗಿ ಎಡೆಬಿಡದೆ ನುಡಿಯುವುದು ಹೀಗೆ. ರಾಜಸ್ಥಾನದ ಜೋಡಿಕೊಳಲು ಅಲಗೋಜಾ ನುಡಿಯುವುದೂ ಹೀಗೆ. ಊದುಗೊಳವೆಯಿಂದ ದೀಪದ ಜ್ವಾಲೆಯನ್ನು ಒಂದೇ ಸಮನೆ ಆಭರಣದ ಮೇಲೆ ಹಾಯಿಸುತ್ತಿದ್ದ ಅಕ್ಕಸಾಲಿಗಳಿಗೂ ಈ ವಿದ್ಯೆ ಕರತಲಾಮಲಕವಾಗಿತ್ತು.

ಒಂದು ಲೋಟ ನೀರಿನಲ್ಲಿ ಹೀರುಗೊಳವೆಯನ್ನಿಟ್ಟು ಗುಳ್ಳೆಗಳನ್ನೆಬ್ಬಿಸುತ್ತ, ಗುಳ್ಳೆ ನಿಲ್ಲದಂತೆ ಮೂಗಿನಿಂದ ಉಸಿರೆಳೆದುಕೊಳ್ಳುವುದು ಇದರ ಪ್ರಥಮ ಪಾಠ. ಆದರೆ ಎದುರೊತ್ತು ಇಲ್ಲದ ಅಡ್ಡಕೊಳಲಿನಲ್ಲಿ ಕೆನ್ನೆಯ ಅಲ್ಪ ಸಂಗ್ರಹ ಕ್ಷಣದಲ್ಲಿ ಕರಗುವುದರಿಂದ ಇದು ಬಲು ಕಷ್ಟ. ಕಲಿತರೆ ಒಂದು ಅಲಂಕಾರ. ಕಲಿಯದಿದ್ದರೆ ಕೊರತೆಯೇನೂ ಇಲ್ಲ. ವಿರಾಮವಿಲ್ಲದ ಮಾತು ಹೇಗೆ ಆಯಾಸಕರವೋ, ವಿರಾಮವಿಲ್ಲದ ಸಂಗೀತವೂ ಹಾಗೆಯೇ.

ದಿನಕ್ಕೆ ಇಪ್ಪತ್ತು ನಿಮಿಷ

ಹೊಸಬರಿಗೆ ದಿನಕ್ಕೆ ಇಪ್ಪತ್ತು ನಿಮಿಷಗಳ ಅಭ್ಯಾಸ ಸಾಕು; ಆದರೆ ಅದು ತಪ್ಪಬಾರದು. ಊಟವಾದ ಕೂಡಲೆ ಬೇಡ; ತುಂಬಿದ ಹೊಟ್ಟೆ ವಪೆಯನ್ನು ಇಳಿಯಗೊಡುವುದಿಲ್ಲ. ಮೊದಲ ಐದು ನಿಮಿಷ ಕೊಳಲಿಲ್ಲದೆ ಬರಿಯ ಉಸಿರಾಟ. ಮುಂದಿನ ಹತ್ತು ನಿಮಿಷ ಷಡ್ಜ-ಪಂಚಮಗಳಲ್ಲಿ ಒಂದೊಂದನ್ನೇ ಹಿಡಿದು, ಏರದಂತೆ ಇಳಿಯದಂತೆ ನಿಲ್ಲಿಸುವುದು. ಪ್ರತಿ ಸ್ವರದ ಬಳಿಕ ಒಂದೆರಡು ಸಹಜವಾದ ಉಸಿರುಗಳ ವಿರಾಮ. ಇಂದು ಆರು ಎಣಿಸುವವರೆಗೆ ನಿಂತ ಸ್ವರ ತಿಂಗಳ ಕೊನೆಗೆ ಹತ್ತು ಎಣಿಸುವವರೆಗೆ ನಿಂತರೆ ಅದೇ ಲಾಭ. ಕೊನೆಯ ಐದು ನಿಮಿಷ ಸರಳೆ ವರಸೆ, ನಾಲ್ಕು ನಾಲ್ಕು ಸ್ವರಗಳಿಗೊಮ್ಮೆ ಉಸಿರು. ಚಿಕ್ಕ ಮಕ್ಕಳಿಗೆ ಬೆರಳು ಎಟುಕುವ ಗಿಡ್ಡ ಕೊಳಲೇ ಯೋಗ್ಯ. ಉದ್ದದ ಕೊಳಲಿನ ಆಸೆಯನ್ನು ಕೈಯೂ ಎದೆಯೂ ಬೆಳೆಯುವವರೆಗೆ ಮುಂದೂಡಬಹುದು.

ಒಳ್ಳೆಯ ಗೃಹಿಣಿಯ ಮನೆಯಲ್ಲಿ ಹಣ ಎಲ್ಲಿಂದ ಬಂತು, ಹೇಗೆ ಸಾಲಿತು ಎಂಬುದು ಅತಿಥಿಗೆ ತಿಳಿಯುವುದಿಲ್ಲ. ಊಟ ರುಚಿಯಾಗಿತ್ತೆಂಬುದಷ್ಟೇ ತಿಳಿಯುತ್ತದೆ. ಒಳ್ಳೆಯ ಕೊಳಲುಗಾರ ಉಸಿರೆಳೆದುಕೊಂಡ ಜಾಗವೂ ಕೇಳುವವರಿಗೆ ಬರಿಯ ಅಲ್ಪವಿರಾಮವಾಗಿ ತೋರುತ್ತದೆ. ಆ ಸಾವಧಾನತೆಗೆ ವಿಶಾಲವಾದ ಎದೆಯ ಅಗತ್ಯವಿಲ್ಲ. ಬೀರುವಿನ ಮೇಲಿರುವ ಕೊಳಲನ್ನು ಮಗು ಮತ್ತೊಮ್ಮೆ ಕೇಳಿದರೆ, ಅದರ ಧೂಳನ್ನು ಒರೆಸಿ ಕೈಗೆ ಕೊಡಲು ಹಿರಿಯರು ಹಿಂಜರಿಯಬೇಕಾದುದಿಲ್ಲ.